ಅಂಚು ಕತ್ತರಿಸಿದ ನಕಾಶೆ

ನಾಲ್ಕು ವರ್ಷದ ಹಿಂದೆ, ತೆಲಂಗಾಣದ ಹೂವಿನ ಹಬ್ಬ ಬತುಕಮ್ಮ ಮುಗಿದ ವಾರ ನಡೆದದ್ದು ಇದು. ಆಗ ನಾನು ಅಣ್ಣನ ಮಂಚದ ಪಕ್ಕದಲ್ಲೇ ಕೂತಿದ್ದೆ. ಆದರೂ ಬರೆಯಲು ಹೊರಟರೆ, ಯಾವುದು ಕಣ್ಣಾರೆ ಕಂಡದ್ದು, ಯಾವುದು ಆಮೇಲೆ ನಾನೇ ಸೇರಿಸಿಕೊಂಡದ್ದು ಎಂಬ ಅನುಮಾನ ಬಿಡುವುದಿಲ್ಲ. ದಿನಚರಿ ಬರೆಯುವ ರೂಢಿಯಿದೆ. ಅದನ್ನು ತೆರೆದಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ತಂದೆ ಗದಗದ ಕಡೆಯವರು. ಕೇಂದ್ರ ಸರಕಾರದ ಕಾರ್ಖಾನೆಯೊಂದರ ನೌಕರಿಗೆಂದು ಹೈದರಾಬಾದಿಗೆ ಬಂದು ಇಲ್ಲೇ ನಿಂತರು. ಅಣ್ಣ ಬಸವರಾಜನೂ ಅದೇ ಕಾರ್ಖಾನೆಯ ಡ್ರಾಯಿಂಗ್ ವಿಭಾಗದಲ್ಲಿದ್ದು ನಿವೃತ್ತನಾದ. ಅವನಿಗೊಂದು ವಿಚಿತ್ರ ಹುಚ್ಚಿತ್ತು. ಹತ್ತೊಂಬತ್ತನೆಯ ಶತಮಾನದ ಯುದ್ಧಗಳ ಕಾಲಕ್ಕೆ ಅಚ್ಚಾದ ರೈಲು ನಕಾಶೆಗಳನ್ನು ಕೂಡಿಹಾಕುವುದು. ಸೈನ್ಯ, ಮದ್ದುಗುಂಡು ಸಾಗಿಸಲು ಎಲ್ಲಿ ಹಳಿ ಹಾಕಿದರು, ಎಲ್ಲಿ ಕಿತ್ತೊಗೆದರು ಎಂದು ತೋರಿಸುವ ನಕಾಶೆಗಳು. ಅಮೆರಿಕದ ಅಂತರ್ಯುದ್ಧದ ಒಂದೆರಡು, ಕ್ರಿಮಿಯಾದ ಒಂದು, ಹೀಗೆ. ಭಾನುವಾರ ಬಂತೆಂದರೆ ಅಬಿಡ್ಸ್‌ನ ಫುಟ್‌ಪಾತಿನ ಪುಸ್ತಕದ ರಾಶಿ, ಸುಲ್ತಾನ್ ಬಜಾರಿನ ರದ್ದಿ ಅಂಗಡಿ ಸುತ್ತದೆ ಅವನಿಗೆ ಊಟ ಸೇರುತ್ತಿರಲಿಲ್ಲ. ತಂದದ್ದನ್ನೆಲ್ಲ ಒಂದು ಟ್ರಂಕಿನಲ್ಲಿ ಜೋಪಾನವಾಗಿ ಇಡುತ್ತಿದ್ದ.

ಅವನ ಹೆಂಡತಿ, ನಮ್ಮ ಶಾಂತಾ ವೈನಿ, ಬಂದವರಿಗೆಲ್ಲ ಹೇಳುತ್ತಿದ್ದರು: "ಸಾವಕಾಶ ಮಾತಾಡ್ರಿ, ನನ್ನ ಸವತ್ಯಾರು ಟ್ರಂಕಿನಾಗ ಮಲಗ್ಯಾರ." ಟ್ರಂಕಿನ ಹತ್ತಿರ ಅವರು ಸುಳಿದರೆ ಸಾಕು, ಅಣ್ಣ "ಕೈ ಹಸಿ ಅದಾವೇನು?" ಎನ್ನುತ್ತಿದ್ದ. "ನಿಮ್ಮ ಅನ್ನಾ ಕಲಸಿದ ಕೈರಿ ಇವು, ಹಸೀನ ಇರ್ತಾವ" ಎಂದು ವೈನಿ ನಗುತ್ತಾ ಒಳಗೆ ಹೋಗುತ್ತಿದ್ದರು.

ಟ್ರಂಕಿನಲ್ಲಿ ಅವನ ಜೀವವೇ ಆಗಿದ್ದ ಒಂದು ನಕಾಶೆಯಿತ್ತು. ಅಫಘಾನ್ ಯುದ್ಧಕ್ಕೆಂದು ಸಿಂಧೂ ನದಿಯ ದಂಡೆಯಿಂದ ಸಿಬಿಯವರೆಗೆ ಮರುಭೂಮಿಯಲ್ಲಿ ಹಾಕಿದ ರೈಲು ದಾರಿಯದು. ಹಿಂದೆ ಬಟ್ಟೆ ಅಂಟಿಸಿ, ಕುದುರೆಯ ಚೀಲದಲ್ಲಿ ಹಿಡಿಯುವಂತೆ ಮಡಚಿದ್ದರು. ಅದರ ಅಂಚಿನ ಖಾಲಿ ಜಾಗದಲ್ಲಿ ಯಾರೋ ಸಿಪಾಯಿಯೋ ಅಧಿಕಾರಿಯೋ ಪೆನ್ಸಿಲಿನಲ್ಲಿ ಇಂಗ್ಲಿಷಿನಲ್ಲಿ ಗೀಚಿದ್ದ. ಇಲ್ಲಿ ನೀರು ಉಪ್ಪು. ಇಲ್ಲಿ ನೆರಳಿಲ್ಲ. ಒಂದು ಕಡೆ ಸಣ್ಣ ಶಿಲುಬೆ, ಪಕ್ಕದಲ್ಲಿ ಯಾರದೋ ಹೆಸರಿನ ಎರಡು ಅಕ್ಷರ. "ನಕಾಶಿ ಯಾವ ಲೈಬ್ರರ್‍ಯಾಗೂ ಸಿಗತೈತಿ. ಈ ಅಂಚು ಮಾತ್ರ ಇಡೀ ಜಗತ್ತಿನಾಗ ಇದೊಂದ" ಎನ್ನುತ್ತಿದ್ದ ಅಣ್ಣ. ನನಗೆ ಹೇಳಿದ್ದ, ಭಾನುವಾರದ ಗೆಳೆಯ ಮುನೀರ್ ಭಾಯಿಗೆ ಹೇಳಿದ್ದ. ವೈನಿಗೆ ಹೇಳಬೇಕೆಂದು ಅವನಿಗೆ ತೋಚಲಿಲ್ಲ, ನನಗೂ ತೋಚಲಿಲ್ಲ.

ಆ ವರ್ಷ ಅಣ್ಣನಿಗೆ ಶ್ವಾಸಕೋಶದ ಕ್ಯಾನ್ಸರ್. ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದರು ಡಾಕ್ಟರು. ಬೇಗಂಪೇಟೆಯ ಫ್ಲ್ಯಾಟಿನಲ್ಲಿ ಕಿಟಕಿಯ ಪಕ್ಕ ಮಂಚ ಹಾಕಿದೆವು. ಒಂದು ದಿನ ಅವನು ಅಂದ: "ಸಿಬಿ ನಕಾಶಿ ಒಮ್ಮೆ ಪೂರಾ ಬಿಚ್ಚಿ ನೋಡಬೇಕನಸ್ತೈತಿ. ಆದ್ರ ಬಿಚ್ಚಿದ್ರ ಮಡಿಕಿ ಹರಿತೈತಿ." ವೈನಿ ಅವನಿಗೆ ಗಂಜಿ ಕುಡಿಸುತ್ತಿದ್ದರು.

ಎರಡು ದಿನದ ಮೇಲೆ ಮಧ್ಯಾಹ್ನ, ಹೊರಗೆ ಹೋಗಿದ್ದ ವೈನಿ ಬೆವರುತ್ತಾ ಬಂದರು. ಕೈಯಲ್ಲಿ ಉದ್ದನೆಯ ಸುರುಳಿ. ಮಂಚದ ಎದುರು ನಿಂತು ಅದನ್ನು ಬಿಚ್ಚಿ, ಎರಡೂ ಕೈಯಲ್ಲಿ ಎತ್ತಿ ಹಿಡಿದರು. ಸಿಬಿ ನಕಾಶೆ. ಎರಡೂ ಕಡೆ ಪ್ಲಾಸ್ಟಿಕ್ ಹೊದ್ದು ಮಿರಿಮಿರಿ ಮಿಂಚುತ್ತಿತ್ತು.

"ನೋಡ್ರಿಲ್ಲೆ! ಲ್ಯಾಮಿನೇಶನ್ ಮಾಡಿಸೇನಿ. ಇನ್ನ ಹರಿಯೂ ಮಾತ ಇಲ್ಲ" ಎಂದರು ನಕಾಶೆಯ ಹಿಂದಿನಿಂದ. "ಹಿಂದಿನ ಬಟ್ಟಿ ಇದ್ರ ಮಷೀನ್‌ನ್ಯಾಗ ಹೋಗಾಂಗಿಲ್ಲಂದ ಅಂಗಡಿಯಾಂವ, ನೀರ ಹಚ್ಚಿ ಬಿಡಿಸಿದ. ಅಂಚಿಗೆಲ್ಲ ಯಾವನೋ ಗೀಚಿ ಹೊಲಸ ಮಾಡಿದ್ನಲ್ರಿ, ಅದನ್ನೂ ಕತ್ತರಿಸಿ ಹಾಕಿಸಿದೆ. ನೀಟ್ ಆತಿಲ್ಲೊ?"

ನಕಾಶೆ ಅವರ ಮುಖವನ್ನು ಪೂರ್ತಿ ಮರೆಮಾಡಿತ್ತು. ಅವರಿಗೆ ಅಣ್ಣ ಕಾಣುತ್ತಿರಲಿಲ್ಲ. ಕಾಣುತ್ತಿದ್ದದ್ದು ನನಗೊಬ್ಬಳಿಗೆ.

"ಭಾಳ ಚಂದ ಆಗೈತಿ, ಶಾಂತಾ" ಎಂದ ಅಣ್ಣ.

ದಿನಚರಿಯಲ್ಲಿ ಆ ಮಾತಿದೆ. ಮುಖ ಹೇಗಿತ್ತೆಂದು ನಾನು ಬರೆದಿಲ್ಲ.

ನಕಾಶೆಯನ್ನು ಮಂಚದೆದುರಿನ ಗೋಡೆಗೆ ಹಾಕಿದೆವು. ಭಾನುವಾರ ಮುನೀರ್ ಭಾಯಿ ಬರುವವರಿದ್ದರು. ನನಗೆ ಅದೇ ದಿಗಿಲು. ಮೊದಲೇ ಫೋನು ಮಾಡಿ ಹೇಳಿಬಿಡೋಣ ಅಂದುಕೊಂಡೆ. ಆದರೆ ಅವರು ಒಂದು ದಿನ ಮುಂಚೆಯೇ ಬಂದುಬಿಟ್ಟರು. ಗೋಡೆ ನೋಡಿದವರೇ, "ಅರೆ ಮಿಯಾ! ಯೇ ಕ್ಯಾ ಕರ್ ಡಾಲೆ? ವೋ ಲಿಖಾವಟ್ ಕಹಾಂ ಗಯಿ?" ಎಂದು ಕೂಗಿದರು. ಆ ಬರಹವೇ ಅದರ ಜೀವವಾಗಿತ್ತಲ್ಲ, ಇನ್ನು ಇದು ಬರೀ ಕ್ಯಾಲೆಂಡರು ಎಂದು ಹಣೆ ಬಡಿದುಕೊಂಡರು.

"ಮೈಚ್ ಕರಾಯಾ, ಭಾಯ್" ಎಂದ ಅಣ್ಣ. ನಾನೇ ಮಾಡಿಸಿದೆ.

"ಬೀಮಾರಿ ದಿಮಾಗ್ ಕೋ ಚಢ್ ಗಯಿ ಕ್ಯಾ?"

"ಹೌ. ಚಢ್ ಗಯಿ."

ಕಾಯಿಲೆ ತಲೆಗೇರಿದೆ ಎಂದು ಒಪ್ಪಿಕೊಂಡು ಅಣ್ಣ ನಕ್ಕ. ನಗು ಕೆಮ್ಮಾಯಿತು. ಅಡಿಗೆಮನೆಯ ಬಾಗಿಲಲ್ಲಿ ವೈನಿ ಚಹಾದ ತಟ್ಟೆ ಹಿಡಿದು ನಿಂತಿದ್ದರು. ಈ ಊರಲ್ಲೇ ಮುದುಕಿಯಾದವರು. ಒಂದೊಂದು ಮಾತೂ ತಿಳಿದಿತ್ತು.

ಮರುದಿನ ಬೆಳಿಗ್ಗೆ, "ಸುಲ್ತಾನ್ ಬಜಾರಿಗೆ ಬರ್ತೀಯೇನು?" ಎಂದು ವೈನಿ ನನ್ನನ್ನು ಕೇಳಿದರು. ಅಣ್ಣನ ಹತ್ತಿರ ಪಕ್ಕದ ಮನೆಯವರನ್ನು ಕೂರಿಸಿ ಹೋದೆವು. ಲ್ಯಾಮಿನೇಶನ್ ಅಂಗಡಿಯವನನ್ನು ವೈನಿ ತೆಲುಗಿನಲ್ಲಿ ಕೇಳಿದರು, ಅವತ್ತು ಕತ್ತರಿಸಿದ ಪಟ್ಟಿಗಳು ಇವೆಯಾ ಎಂದು. ಅವನಿಗೆ ಅರ್ಥವೇ ಆಗಲಿಲ್ಲ. ಆದಾಗ ಪಾಪ, ಮೆತ್ತಗೆ ಅಂದ: "ಚೆತ್ತಲೋ ಪೋಯಿಂದಿ ಅಮ್ಮಾ." ಕಸಕ್ಕೆ ಹೋಯಿತು. ವೈನಿ ಮೇಜಿನ ಕೆಳಗಿನ ಬುಟ್ಟಿಯನ್ನು ಎಳೆದುಕೊಂಡು ನೆಲದ ಮೇಲೇ ಕೂತುಬಿಟ್ಟರು. ಯಾರದೋ ಆಧಾರ್ ಕಾರ್ಡಿನ ತುಂಡು, ಫೋಟೊದ ಅಂಚು, ಪ್ಲಾಸ್ಟಿಕ್ ಚೂರು. ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದರು. "ಏಳ್ರಿ ವೈನಿ" ಎಂದೆ. "ತಡಿ, ತಳದಾಗ ಇರಬೇಕು" ಎಂದರು. ತಳದಲ್ಲಿ ಏನೂ ಇರಲಿಲ್ಲ.

ಮನೆಗೆ ಬಂದಾಗ ಅಣ್ಣ ಕೇಳಿದ: "ಎಲ್ಲಿ ಹೋಗಿದ್ರಿ ಇಬ್ರೂ?"

"ಬ್ಲೌಸ್ ಪೀಸ್ ತರಾಕ್ರಿ."

"ಸಿಕ್ತೇನು?"

"ಇಲ್ರಿ" ಎಂದು ವೈನಿ ಅವನ ಕಾಲ ಬಳಿ ಕೂತು ಅತ್ತರು. ಬ್ಲೌಸ್ ಪೀಸಿಗೆ ಯಾಕೆ ಅಳುತ್ತೀ ಎಂದು ಅಣ್ಣ ಕೇಳಲಿಲ್ಲ. ಅವರ ತಲೆಯ ಮೇಲೆ ಕೈ ಇಟ್ಟುಕೊಂಡು ಗೋಡೆಯ ಕಡೆ ನೋಡುತ್ತಾ ಮಲಗಿದ್ದ. "ಟ್ರಂಕಿನಾಗ ಇದ್ದಾಗ ವರ್ಷಕ್ಕೊಮ್ಮೆ ನೋಡ್ತಿದ್ದೆ. ಈಗ ದಿನಾ ನೋಡಾಕತ್ತೀನಿ" ಎಂದ. ಸಮಾಧಾನಕ್ಕೆ ಹೇಳಿದನೋ, ನಿಜವೋ, ನನಗಿನ್ನೂ ತಿಳಿದಿಲ್ಲ.

ದೀಪಾವಳಿಗೆ ಮೊದಲೇ ಅಣ್ಣ ಹೋದ.

ಅಂದಿನಿಂದ ವೈನಿ ನನ್ನನ್ನು ಒಂದೇ ಪ್ರಶ್ನೆ ಕೇಳುತ್ತಾರೆ. ಬೇಳೆ ಆರಿಸುವಾಗ, ತಲೆ ಬಾಚುವಾಗ, ನಡುವೆ ಏನೋ ಮಾತಾಡುತ್ತಿರುವಾಗ. "ಅವತ್ತ ನಾ ಹಿಡದು ನಿಂತಾಗ ಅವರ ಮುಖಾ ನೀ ನೋಡಿದ್ದಿ. ಖರೇ ಹೇಳು, ಭಾಳ ನೊಂದ್ಕೊಂಡ್ರೇನು?"

"ಇಲ್ರಿ ವೈನಿ. ನಕ್ಕ."

ಮೊದಲ ಸಲ ಹಾಗೆ ಹೇಳಿದಾಗ ಅದು ಸುಳ್ಳೆಂದು ನನಗೆ ಗೊತ್ತಿತ್ತೇ? ಗೊತ್ತಿತ್ತು ಅನಿಸುತ್ತದೆ. ಈಗ ಕಣ್ಣು ಮುಚ್ಚಿದರೆ ನಗುವ ಅಣ್ಣನೇ ಕಾಣುತ್ತಾನೆ, ದಿಂಬಿಗೆ ಒರಗಿ, ಹುಬ್ಬೇರಿಸಿ. ಅದು ನಾನು ಕಂಡದ್ದಲ್ಲ, ವೈನಿಗಾಗಿ ಹೇಳಿ ಹೇಳಿ ಕಟ್ಟಿದ್ದು. ಆ ಗಳಿಗೆಯಲ್ಲಿ ಅವನ ಮುಖ ನಿಜವಾಗಿ ಹೇಗಿತ್ತೆಂದು ನೋಡಿದವಳು ನಾನೊಬ್ಬಳೇ. ಅದನ್ನು ಉಳಿಸಿಕೊಳ್ಳಲು ಆಗಲಿಲ್ಲವಲ್ಲ ಎಂಬ ಸಂಕಟ ಅಣ್ಣ ಸತ್ತ ದುಃಖಕ್ಕಿಂತ ಬೇರೆಯಾದದ್ದು, ಅದಕ್ಕಿಂತ ಹಟಮಾರಿಯಾದದ್ದು.

ಹೋದ ವಾರವೂ ಕೇಳಿದರು. "ನಕ್ಕ" ಎಂದೆ.