ಮೂಗು ಕೈಕೊಟ್ಟ ಮೇಲೆ

ಜ್ವರ ಬಿಟ್ಟುಹೋಗುವಾಗ ನನ್ನ ಮೂಗನ್ನೂ ಕೆಡಿಸಿ ಹೋಗಿದೆ ಎಂದು ಗೊತ್ತಾದದ್ದು ಅಡುಗೆಮನೆಯಲ್ಲಿ. ಒಲೆಯ ಮೇಲಿದ್ದ ಹಾಲು ಸೀದು ತಳ ಕಪ್ಪಾಗುತ್ತಿತ್ತು. ನಾನು ಪಕ್ಕದಲ್ಲೇ ನಿಂತು ಪೇಪರು ಓದುತ್ತಿದ್ದೆ. ಹಿತ್ತಲಿನಿಂದ ಓಡಿಬಂದ ಹೆಂಡತಿ ಗ್ಯಾಸ್ ಆರಿಸಿ ನನ್ನ ಮುಖವನ್ನೇ ನೋಡಿದಳು. ಬೇರೆ ಕಸುಬಿನವನಾಗಿದ್ದರೆ ನಾನು ಅಷ್ಟು ಹೆದರುತ್ತಿರಲಿಲ್ಲವೇನೋ. ನನ್ನದು ಹಳೆಯ ಪೆಟ್ರೋಲ್ ಗಾಡಿಗಳ ಕಾರ್ಬುರೇಟರ್ ರಿಪೇರಿ. ಮೂಡುಬಿದಿರೆಯಿಂದ ತೋಡಾರಿಗೆ ಹೋಗುವ ರಸ್ತೆಯ ಬದಿಯಲ್ಲಿ ನನ್ನ ಶೆಡ್ಡು. ಪೆಟ್ರೋಲು, ಗಾಳಿ ಎರಡನ್ನೂ ಬೆರೆಸಿ ಎಂಜಿನ್ನಿಗೆ ಊಡಿಸುವ ಆ ಪುಟ್ಟ ಯಂತ್ರದ ಹದ ತಪ್ಪಿದರೆ ಹೊಗೆಯ ವಾಸನೆಯಲ್ಲೇ ನನಗೆ ತಿಳಿಯುತ್ತಿತ್ತು. ಎಲ್ಲಾದರೂ ಸೋರಿದರೆ ಕಣ್ಣಿಗಿಂತ ಮೊದಲು ಮೂಗು ಹೇಳುತ್ತಿತ್ತು.

ವಾಸನೆ ಮರಳಿ ಬರಬಹುದು, ಬಾರದೆಯೂ ಇರಬಹುದು ಎಂದರು ಮಂಗಳೂರಿನ ಡಾಕ್ಟರು. ನಾನು ಬಂದ ಗಿರಾಕಿಗಳಿಗೆಲ್ಲ ವಿಷಯ ಹೇಳಿಯೇ ಕೆಲಸ ಹಿಡಿಯತೊಡಗಿದೆ. ಕೆಲವರು ನಕ್ಕರು, ಕೆಲವರು ಗಾಡಿ ತಿರುಗಿಸಿಕೊಂಡು ಹೋದರು.

ಆ ದಿನಗಳಲ್ಲೇ ಬೆಳ್ತಂಗಡಿಯಿಂದ ನಿವೃತ್ತ ಮುಖ್ಯೋಪಾಧ್ಯಾಯಿನಿಯೊಬ್ಬರು ತಮ್ಮ ತಂದೆಯ ಕಾಲದ ಜೀಪನ್ನು ಟೆಂಪೋದಲ್ಲಿ ಹೇರಿಸಿಕೊಂಡು ಬಂದರು. ಮದುವೆಯಾಗದೆ ತಂದೆಯ ರಬ್ಬರ್ ತೋಟ ನೋಡಿಕೊಂಡವರು, ತೋಟಕ್ಕೂ ಪೇಟೆಗೂ ಆ ಜೀಪನ್ನು ತಾವೇ ಓಡಿಸಿದವರು. ನಾನು ಅವರಿಗೂ ಹೇಳಿದೆ, ಬೇರೆ ಯಾರಿಗಾದರೂ ತೋರಿಸಿ ಎಂದೆ. ಅವರು ಜೀಪಿನ ಬಾಗಿಲ ಮೇಲೆ ಕೈಯಿಟ್ಟು ನಿಧಾನವಾಗಿ ಕೇಳಿದರು:

"ಬೇರೆ ಯಾರು ಉಂಟು, ನೀವೇ ಹೇಳಿ. ಬಂಟ್ವಾಳದಲ್ಲಿ ಇದ್ದವರು ತೀರಿಹೋದರು. ಉಳಿದವರು ಡೀಸೆಲ್ ಎಂಜಿನ್ ಕೂರಿಸುವ ಅಂತಾರೆ."

ಕಾರ್ಬುರೇಟರ್ ಬಿಚ್ಚಿದೆ. ಪೆಟ್ರೋಲಿನ ಮಟ್ಟ ಕಾಯುವ ಹಿತ್ತಾಳೆಯ ತೇಲುಬುಂಡೆಯನ್ನು ಕಿವಿಯ ಬಳಿ ಅಲ್ಲಾಡಿಸಿದರೆ ಒಳಗೆ ಪೆಟ್ರೋಲು ಕುಲುಕುತ್ತಿತ್ತು. ಬಿಸಿನೀರಿನಲ್ಲಿ ಮುಳುಗಿಸಿದಾಗ ಒಂದೆಡೆಯಿಂದ ಸಣ್ಣ ಗುಳ್ಳೆಗಳು ಎದ್ದವು. ಪೂರ್ತಿ ಒಣಗಿಸಿ, ಆ ತೂತಿಗೆ ಸಾಸಿವೆಯಷ್ಟು ಬೆಸುಗೆ ಇಟ್ಟೆ. ಹೆಚ್ಚಾದರೆ ಬುಂಡೆ ಭಾರವಾಗಿ ಮಟ್ಟವೇ ತಪ್ಪುತ್ತದೆ. ಕಾರ್ಬುರೇಟರಿನೊಳಗಿನ ಪುಟ್ಟ ಪಂಪಿನ ಚರ್ಮದ ಬಟ್ಟಲು ಸವೆದುಹೋಗಿತ್ತು; ಹೊಸದು ಕೊಯಮತ್ತೂರಿನಲ್ಲಿ ಇಲ್ಲ, ಮುಂಬಯಿಯಲ್ಲಿ ಇಲ್ಲ. ಹಳೆಯ ಚಪ್ಪಲಿಯ ಚರ್ಮವನ್ನು ಎಣ್ಣೆಯಲ್ಲಿ ನೆನೆಸಿ, ಅಚ್ಚಿಗೆ ಒತ್ತಿ ಮಾಡಿದೆ. ಪೆಟ್ರೋಲ್ ಪೈಪು ಸೇರುವ ನಟ್ಟಿನ ಕೆಳಗೆ, ಸೋರದಂತೆ, ಹೊಸ ಫೈಬರ್ ವಾಷರ್ ಕತ್ತರಿಸಿ ಹಾಕಿದೆ. ಜೀಪು ಸ್ಟಾರ್ಟಾಯಿತು. ಎಲ್ಲ ಸಂದುಗಳನ್ನೂ ಬಿಳಿ ಬಟ್ಟೆಯಿಂದ ಒರೆಸಿ ನೋಡಿದೆ. ಒಂದು ಹನಿಯೂ ಅಂಟಲಿಲ್ಲ.

ಆದರೂ ಅವರನ್ನು ಒಬ್ಬರೇ ಕಳುಹಿಸಲು ಮನಸ್ಸು ಒಪ್ಪಲಿಲ್ಲ. ಬೆಳ್ತಂಗಡಿಯವರೆಗೆ ಜೊತೆಗೆ ಬರುತ್ತೇನೆಂದೆ. ಅವರೇ ಓಡಿಸಿದರು. ವೇಣೂರು ದಾಟಿದ ಮೇಲೆ ರಸ್ತೆಬದಿಯಲ್ಲಿ ರಬ್ಬರ್ ಶೀಟುಗಳನ್ನು ಒಣಹಾಕಿದ್ದರು. ಅವರು ಮೂಗು ಅರಳಿಸಿದ್ದನ್ನು ಕಂಡು ಅದರ ನಾತವಿರಬೇಕೆಂದುಕೊಂಡೆ. ಮುಂದಿನ ಏರಿನಲ್ಲಿ ಅವರು ವೇಗ ತಗ್ಗಿಸಿದರು.

"ಪೆಟ್ರೋಲ್ ವಾಸನೆ ಬರ್ತಾ ಉಂಟು," ಎಂದರು.

ಎಂಜಿನ್ ಆರಿಸಿ ಎಂದೆ; ಇಳಿದು ದೂರ ನಿಲ್ಲಿ ಎಂದೆ. ಬಾನೆಟ್ ಎತ್ತಿದೆ. ಆ ಹೊಸ ವಾಷರ್ ಉಬ್ಬಿ ಸೀಳಿತ್ತು. ಈಗ ಪೆಟ್ರೋಲ್ ಬಂಕುಗಳಲ್ಲಿ ಸಿಗುವ ಮದ್ಯಸಾರ ಬೆರೆತ ಪೆಟ್ರೋಲಿಗೆ ಆ ಫೈಬರ್ ತಾಳಿರಲಿಲ್ಲ. ಪೆಟ್ರೋಲು ಸಣ್ಣಗೆ ಜಿನುಗಿ, ಕಾದ ಸೈಲೆನ್ಸರ್ ಪೈಪಿನಿಂದ ಗೇಣು ದೂರದಲ್ಲಿ ತೊಟ್ಟಿಕ್ಕುತ್ತಿತ್ತು. ನಾನು ಬಾಗಿ, ಮುಖವನ್ನು ಅದಕ್ಕೆ ತಾಗುವಷ್ಟು ಹತ್ತಿರ ತಂದು ಉಸಿರೆಳೆದೆ. ಏನೂ ಇಲ್ಲ. ನೀರನ್ನು ಮೂಸಿದ ಹಾಗೆ.

ಎಂಜಿನ್ ತಣ್ಣಗಾಗುವವರೆಗೆ ಇಬ್ಬರೂ ಮೋರಿಯ ಕಟ್ಟೆಯ ಮೇಲೆ ಕೂತೆವು. ನಾನೊಬ್ಬನೇ ಓಡಿಸಿ ತಂದು ಒಪ್ಪಿಸುತ್ತೇನೆ ಎಂದಿದ್ದರೆ ಏನಾಗುತ್ತಿತ್ತು ಎಂಬುದು ಇಬ್ಬರಿಗೂ ಗೊತ್ತಿತ್ತು. ಈ ಕೆಲಸ ಬಿಡುವುದೇ ಒಳ್ಳೆಯದೆಂದು ಕಾಣುತ್ತದೆ ಎಂದೆ. ಅವರು ಸಮಾಧಾನ ಹೇಳಲಿಲ್ಲ.

"ಬಿಡಬಹುದು," ಎಂದರು. "ಆದ್ರೆ ಇವತ್ತು ಇದನ್ನು ಸರಿ ಮಾಡಿ ಕೊಡಿ. ವಾಸನೆ ನಾನು ನೋಡ್ತೇನೆ."

ಚೀಲದಲ್ಲಿ ತಾಮ್ರದ ವಾಷರೊಂದು ಇತ್ತು. ಹಾಕಿ ಬಿಗಿಮಾಡಿದೆ. ಅವರು ಎಂಜಿನ್ನಿನ ಮೇಲೆ ಬಾಗಿ, ಸೀರೆಯ ಸೆರಗು ಹಿಂದಕ್ಕೆ ಹಿಡಿದುಕೊಂಡು, ಪ್ರತಿ ಸಂದನ್ನೂ ಮೂಸಿದರು. ಇಲ್ಲ ಎಂದರು. ಇನ್ನೊಮ್ಮೆ ನೋಡಿ ಎಂದೆ, ಮತ್ತೆ ನೋಡಿದರು. ಬೆಳ್ತಂಗಡಿಯವರೆಗೆ ಮತ್ತೆ ಅವರೇ ಓಡಿಸಿದರು. ನಾನು ದಾರಿಯುದ್ದಕ್ಕೂ ಅವರ ಮೂಗನ್ನೇ ನೋಡುತ್ತಿದ್ದೆ.

ವಾಪಸು ಬಸ್ಸಿನಲ್ಲಿ ಬಂದೆ. ಗುರುವಾಯನಕೆರೆಯಲ್ಲಿ ಎಲ್ಲರೂ ಒಮ್ಮೆಗೇ ಮೂಗು ಮುಚ್ಚಿಕೊಂಡರು. ಕಿಟಕಿಯಿಂದ ಹೊರಗೆ ನೋಡಿದಾಗ ಮೀನಿನ ಲಾರಿ ಕಂಡಿತು.

ಕೆಲಸ ಬಿಡಲಿಲ್ಲ. ಗಾಡಿಯ ಧಣಿ ಜೊತೆಗೆ ನಿಂತು ಮೂಸುವುದಾದರೆ ಮಾತ್ರ ಹಿಡಿಯುತ್ತೇನೆ ಎಂದು ನಿಯಮ ಮಾಡಿಕೊಂಡೆ. ಕೆಲಸ ಅರ್ಧಕ್ಕಿಳಿಯಿತು. ಜೀಪು ಸರಿಯಾಗಿ ಓಡುತ್ತಿದೆ ಎಂದು ಬೆಳ್ತಂಗಡಿಯಿಂದ ಆಗಾಗ ಫೋನು ಬರುತ್ತಿತ್ತು. ಅದು ಬಂದಾಗಲೆಲ್ಲ, ಅವರು ಮಾತು ಶುರುಮಾಡುವ ಮೊದಲೇ ವಾಸನೆ ಬರುತ್ತಿದೆಯೇ ಎಂದು ಕೇಳುತ್ತಿದ್ದೆ.

ಕಳೆದ ಮಳೆಗಾಲದ ಒಂದು ಮಧ್ಯಾಹ್ನ ಶೆಡ್ಡಿನಲ್ಲಿ ಊಟಕ್ಕೆ ಕೂತಿದ್ದಾಗ ಪೆಟ್ರೋಲಿನ ವಾಸನೆ ಬಂತು, ಗಾಢವಾಗಿ, ಮೊದಲಿನ ಹಾಗೆಯೇ. ಕಣ್ಣಲ್ಲಿ ನೀರು ಬಂದಿತು. ಎದ್ದು ಮೇನ್ ಸ್ವಿಚ್ಚು ಆರಿಸಿದೆ, ಡಬ್ಬಿಗಳನ್ನೆಲ್ಲ ಮುಟ್ಟಿ ನೋಡಿದೆ, ನೆಲವನ್ನು ಅಂಗೈಯಿಂದ ಸವರಿದೆ. ಎಲ್ಲ ಒಣಗಿತ್ತು. ಬುತ್ತಿ ತಂದಿದ್ದ ಹೆಂಡತಿ ಶೆಡ್ಡಿನ ಮೂಲೆಮೂಲೆಗೂ ಹೋಗಿ ಮೂಸಿ, ಯಾವ ವಾಸನೆಯೂ ಇಲ್ಲವೆಂದಳು. ಮಾರನೆಯ ದಿನ ಅದೇ ವಾಸನೆ ಮನೆಯ ಅನ್ನದಲ್ಲಿ ಬಂತು, ಆಮೇಲೆ ದಿಂಬಿನಲ್ಲಿ. ನರ ಚಿಗುರುವಾಗ ಹೀಗಾಗುವುದುಂಟು, ಇಲ್ಲದ ವಾಸನೆ ಬರುತ್ತದೆ ಎಂದು ಡಾಕ್ಟರು ವಿವರಿಸಿದರು.

ಮೊದಲು ಇದ್ದದ್ದು ತಿಳಿಯುತ್ತಿರಲಿಲ್ಲ. ಈಗ ದಿನಕ್ಕೆ ಹಲವು ಸಲ ಸ್ಪ್ಯಾನರ್ ಕೆಳಗಿಟ್ಟು, ಹೊರಗೆ ನಿಂತ ಗಾಡಿಯ ಧಣಿಯನ್ನು ಕರೆದು, ನಿಮಗೂ ಬರುತ್ತದೆಯೇ ಎಂದು ಕೇಳುತ್ತೇನೆ.