ನೊಣ ಸಾಕುತ್ತಿದ್ದ ಎದುರುಮನೆ ಹುಡುಗಿ

ಶಿಡ್ಲಘಟ್ಟದ ನಮ್ಮ ಎದುರುಮನೆ ಹುಡುಗಿ ಕೈಕಾಲು ನಡುಗುವ ಕಾಯಿಲೆಯ ಬಗ್ಗೆ ಪಿಎಚ್.ಡಿ. ಮಾಡುತ್ತಿದ್ದಳು. ಪ್ರಯೋಗವೆಲ್ಲ ಹಣ್ಣಿನ ನೊಣಗಳ ಮೇಲೆ. ಲಾಕ್‌ಡೌನ್‌ನಲ್ಲಿ ಪ್ರಯೋಗಾಲಯ ಮುಚ್ಚಿತು. ನೊಣ ಸತ್ತರೆ ಇಷ್ಟು ವರ್ಷದ ಕೆಲಸ ಹಾಳೆಂದು ಅವನ್ನು ಗಾಜಿನ ಕೊಳವೆಗಳಲ್ಲಿ ಮನೆಗೇ ತಂದಳು. ರೇಷ್ಮೆಹುಳು ಸಾಕುವ ತಾಯಿ ಬಾಗಿಲಲ್ಲೇ ತಡೆದರು.

“ಇಷ್ಟು ಓದಿ ಮನೆಗೆ ನೊಣ ತಂದ್ಯೇನೇ? ಹುಳ ಹಣ್ಣಾಗಿ ಗೂಡು ಕಟ್ಟೋ ಹೊತ್ತು. ನೊಣ ಕೂತ್ರೆ ಬೆಳೆ ಹೋಗ್ತದೆ ಕಣೇ.”

“ಅದೂ ಸರೀನೇ,” ಎಂದಳು. ಯಾವ ಮಾತಿಗೂ ಅವಳದು ಅದೇ ಉತ್ತರ. ಕೊಳವೆಗಳು ನಮ್ಮ ಜಗುಲಿಗೆ ಬಂದವು.

ಸಂಜೆ ಕೊಳವೆಯನ್ನು ಅಂಗೈಗೆ ತಟ್ಟಿ ಬೆಳಕಿಗೆ ಹಿಡಿಯುತ್ತಿದ್ದಳು. ಆ ಭಂಗಿ ಇನ್ನೂ ಕಣ್ಣಮುಂದಿದೆ. ಆರೋಗ್ಯದ ನೊಣ ಸರಸರ ಮೇಲೇರುತ್ತಿತ್ತು, ಕಾಯಿಲೆಯದು ತಳದಲ್ಲೇ ತಡವರಿಸುತ್ತಿತ್ತು.

ಗೂಡು ಮಾರಿದ ಮರುದಿನ ತಾಯಿ ಬಂದು ಮಗಳ ಪಕ್ಕ ಕೂತರು. ಬಹಳ ಹೊತ್ತು ಕೊಳವೆ ನೋಡಿದರು. ಆಮೇಲೆ ತಳದಲ್ಲುಳಿದ ನೊಣಕ್ಕೆ ಮೆಲ್ಲಗೆ, “ಏಳಪ್ಪ, ಏಳು,” ಎಂದರು.