ಕಣ್ಣು ಮುಚ್ಚಿ ಆಡಿದ ಜಗಳ

ನಮ್ಮ ಮನೆಯಲ್ಲಿ ಜಗಳಗಳು ಕಣ್ಣು ಮುಚ್ಚಿಕೊಂಡೇ ನಡೆಯುತ್ತವೆ. ಗಾಬರಿಯಾಗಬೇಡಿ, ಕೈಗಳನ್ನೂ ಜೋಡಿಸಿಕೊಂಡಿರುತ್ತೇವೆ. ನಾವು ಬೇಲೂರಿನ ಕ್ರೈಸ್ತರು. ಬೆಳಗಿನ ಕಾಫಿಗೆ ಮೊದಲು ಒಂದು, ಊಟಕ್ಕೆ ಮೊದಲು ಒಂದು ಪ್ರಾರ್ಥನೆ ತಪ್ಪಿಸುವುದಿಲ್ಲ. ಒಬ್ಬರು ಗಟ್ಟಿಯಾಗಿ ಪ್ರಾರ್ಥಿಸಬೇಕು, ಇನ್ನೊಬ್ಬರು ಕೊನೆಗೆ ಆಮೆನ್ ಎನ್ನಬೇಕು. ನಡುವೆ ಬಾಯಿ ಹಾಕುವಂತಿಲ್ಲ. ಇಷ್ಟು ಅನುಕೂಲದ ವೇದಿಕೆಯನ್ನು ಯಾವ ಗಂಡ ತಾನೇ ಬಿಟ್ಟಾನು?

"ಕರ್ತನೇ, ಈ ಮನೆಯಲ್ಲಿ ಕೆಲವರಿಗೆ ತಾಳ್ಮೆ ದಯಪಾಲಿಸು" ಎಂದು ನಾನು ಬೇಡುವುದು. ಮರುದಿನ ನನ್ನ ಹೆಂಡತಿ ಸುಗುಣ, "ಒದ್ದೆ ಟವೆಲನ್ನು ಹಾಸಿಗೆ ಮೇಲೆ ಎಸೆಯುವವರನ್ನೂ ಪ್ರೀತಿಸುವ ಶಕ್ತಿ ಕೊಡು ತಂದೆಯೇ" ಎಂದು ಬೇಡುವುದು. ಆಮೆನ್ ಎಂದು ಇಬ್ಬರೂ ಎದ್ದುಬಿಡುತ್ತಿದ್ದೆವು. ಕೋಪವನ್ನು ಸಂಜೆಯೊಳಗೆ ಬಿಡಬೇಕು ಎಂದು ಮದುವೆಯ ದಿನ ಪಾದ್ರಿಗಳು ಬೋಧಿಸಿದ್ದರು. ಯಾವ ಸಂಜೆ ಎಂದು ನಾವು ಕೇಳಿಕೊಂಡಿರಲಿಲ್ಲ.

ನಾನು ಇತಿಹಾಸದ ಮೇಷ್ಟ್ರು. ಮಕ್ಕಳನ್ನು ಹಳೇಬೀಡಿಗೆ ಕರೆದೊಯ್ದಾಗಲೆಲ್ಲ ಹೇಳುತ್ತೇನೆ: ಬಳಪದ ಕಲ್ಲು ನೆಲದಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿ ತಾಗಿದಂತೆಲ್ಲ ಗಟ್ಟಿಯಾಗುತ್ತದೆ, ಶಿಲ್ಪಿ ಬೇಗ ಕೆತ್ತಿಬಿಡಬೇಕು. ಸುಗುಣಳ ಪ್ರಕಾರ ಗಂಡನೂ ಅದೇ ಕಲ್ಲು. ಮೊದಲ ವರ್ಷವೇ ಉಳಿ ಹಿಡಿಯಬೇಕಿತ್ತಂತೆ, ಸಂಕೋಚಪಟ್ಟು ಕೆಟ್ಟಳಂತೆ. ಇಪ್ಪತ್ತೆರಡು ವರ್ಷವಾಯಿತು, ಪುಣ್ಯಾತ್ಗಿತ್ತಿ ಇನ್ನೂ ಪ್ರಯತ್ನ ಬಿಟ್ಟಿಲ್ಲ.

ಹೋದ ತಿಂಗಳು ಅರಸೀಕೆರೆಯಿಂದ ಅವಳ ಅಕ್ಕ ಬಂದರು. ಬಸ್‌ಸ್ಟ್ಯಾಂಡಿಗೆ ಹೋಗಿ ಕರೆತರಬೇಕಾಗಿದ್ದವನು ನಾನು, ಮರೆತೆ. ಸುಗುಣ ಚೆನ್ನಾಗಿಯೇ ಝಾಡಿಸಿದಳು. ಊಟಕ್ಕೆ ಕೂತಾಗ ನನ್ನೊಳಗೆ ಅದರ ಉರಿ ಆರಿರಲಿಲ್ಲ. "ಕರ್ತನೇ, ಈ ಅನ್ನ ಬಡಿಸಿದ ಕೈಯನ್ನು ಆಶೀರ್ವದಿಸು. ಆ ನಾಲಿಗೆಯನ್ನು ಸ್ವಲ್ಪ ಮೆತ್ತಗೆ ಮಾಡು" ಎಂದೆ. ಅಕ್ಕ ಆಮೆನ್ ಎಂದರು. ಸುಗುಣ ಅನ್ನಲಿಲ್ಲ.

ಮರುದಿನವೂ ಅನ್ನಲಿಲ್ಲ. ನೀನೇ ಪ್ರಾರ್ಥಿಸು ಎಂದರೆ, "ನೀವೇ ಮಾಡಿ, ನಿಮಗೇ ಚೆನ್ನಾಗಿ ಬರೋದು" ಎನ್ನುವಳು. ಕಾಫಿ ಬರುತ್ತಿತ್ತು, ಇಸ್ತ್ರಿ ಮಾಡಿದ ಶರ್ಟು ಬರುತ್ತಿತ್ತು, ಆಮೆನ್ ಒಂದು ಬರುತ್ತಿರಲಿಲ್ಲ. ನಗಬೇಡಿ. ಹತ್ತು ದಿನ ಕಳೆಯುವಷ್ಟರಲ್ಲಿ ನನಗೆ ನಿಜವಾಗಿ ಭಯವಾಯಿತು. ದೇವರ ಮುಂದೆ ಇವಳು ನನ್ನ ಜೊತೆ ನಿಲ್ಲುವುದನ್ನೇ ಬಿಟ್ಟರೆ, ಈ ಮನೆಯಲ್ಲಿ ಉಳಿಯುವುದು ಇಬ್ಬರು ಬಾಡಿಗೆದಾರರು ಅಷ್ಟೆ.

ಹಗರೆಯಿಂದ ಹಾಲು ತರುವ ರಂಗಮ್ಮನಿಗೆ ನಮ್ಮ ಬೆಳಗಿನ ಪ್ರಾರ್ಥನೆಯೆಲ್ಲ ಕಿಟಕಿಯಲ್ಲೇ ಕೇಳಿಸುತ್ತದೆ. ಒಂದು ದಿನ ತಡೆಯಲಾರದೆ ಅಂದೇಬಿಟ್ಟಳು: "ಅಯ್ಯೋ ಮೇಷ್ಟ್ರೇ, ನಿಮ್ ದೇವ್ರ ಪಾಡು ಯಾರ್ಗೂ ಬ್ಯಾಡ ಕಣ್ರೀ! ನಮ್ಮನೇಲಿ ನಾವೇ ಕೂಗಾಡ್ಕಂಡು ನಾವೇ ಸುಮ್ಕಾಯ್ತೀವಿ. ನೀವು ಪಾಪ, ಆ ಸ್ವಾಮೀನ ಮಧ್ಯಕ್ಕೆ ಎಳ್ಕಂಡು ಕೂರುಸ್ಕಂಡಿದ್ದೀರಿ. ಹೆಂಡ್ರಿಗೆ ಹೇಳೋದ್ನ ಹೆಂಡ್ರಿಗೇ ಹೇಳ್ಬಾರ್ದಾ?"

ಇಷ್ಟು ವರ್ಷ ಚರ್ಚಿನ ಮುಂದಿನ ಬೆಂಚಿನಲ್ಲಿ ಕೂತವನಿಗೆ ಇದು ಹೊಳೆದಿರಲಿಲ್ಲ, ನೋಡಿ.

ಭಾನುವಾರ ಆರಾಧನೆ ಮುಗಿಸಿ ಬಂದು ಊಟಕ್ಕೆ ಕೂತಾಗ ನಾನು ಕಣ್ಣು ಮುಚ್ಚಲಿಲ್ಲ. ಕಣ್ಣು ಬಿಟ್ಟುಕೊಂಡು ತಪ್ಪೊಪ್ಪಿಕೊಳ್ಳುವುದು ಎಷ್ಟು ಕಷ್ಟ ಎಂದು ಅವತ್ತೇ ಗೊತ್ತಾದದ್ದು.

"ಸುಗುಣ, ಅಕ್ಕನ ಮುಂದೆ ಹಾಗೆ ಅಂದದ್ದು ನನ್ನ ತಪ್ಪು. ಬಸ್‌ಸ್ಟ್ಯಾಂಡಿಗೆ ಹೋಗದೆ ಇದ್ದದ್ದೂ ನಾನೇ."

ಅವಳು ಸಾರಿನ ಸೌಟು ಕೆಳಗಿಟ್ಟಳು. ಆಮೇಲೆ "ಕಣ್ಣು ಮುಚ್ಚಿ" ಎಂದು ತಾನೇ ಪ್ರಾರ್ಥನೆ ಶುರುಮಾಡಿದಳು.

"ಕರ್ತನೇ, ನನ್ನ ನಾಲಿಗೆ ಹರಿತ ಅಂತ ನಿನಗೆ ಗೊತ್ತು, ನನ್ನ ಒಡಹುಟ್ಟಿದವಳಿಗೂ ಗೊತ್ತು. ಆದರೂ ಅವಳ ಮುಂದೆ ಇವರ ಬಾಯಲ್ಲಿ ಅದನ್ನ ಕೇಳಿ ನನಗೆ ತುಂಬಾ ನೋವಾಯ್ತು. ನನ್ನ ನಾಲಿಗೆ ಮೆತ್ತಗೆ ಮಾಡು. ಇವರಿಗೆ ಈಗ ಬಂದಿರೋ ಬುದ್ಧಿ ಸೋಮವಾರದವರೆಗಾದರೂ ಇರಲಿ."

ಆಮೆನ್ ಎನ್ನುವ ಸರದಿ ನನ್ನದು. ಅದನ್ನು ಮರೆತು, ಕಣ್ಣು ಬಿಟ್ಟು ಅವಳನ್ನೇ ನೋಡುತ್ತಾ ಕೂತಿದ್ದೆ.

"ಆಮೆನ್ ಅನ್ರೀ, ಸಾರು ಆರೋಗ್ತಾ ಇದೆ."